ಅತ್ತೆ ಡಬ್ಬಿ ಇನ್ನೂ ಓದುತ್ತಿದೆ

ಬೆಳಗಿನ ಐದೂ ಕಾಲು. ಗ್ರಂಥಾಲಯದ ಹಿಂಬಾಗಿಲಿನ ಬೀಗ ತೆಗೆದು ಒಳಬರುವ ಹೆಂಗಸು ಮೊದಲು ದೀಪ ಹಾಕುವುದಿಲ್ಲ. ಗೋಂದಿನ ಬಟ್ಟಲು, ದಾರದುಂಡೆ, ರಟ್ಟಿನ ತುಂಡುಗಳ ನಡುವೆ ಕೈಯಾಡಿಸಿ, ಮೇಜಿನ ತುದಿಯಲ್ಲಿರುವ ತಗಡಿನ ಡಬ್ಬಿಯ ಮೇಲೆ ಅಂಗೈ ಇಡುತ್ತಾರೆ. ತಣ್ಣಗಿದೆ. "ಸರಿ, ಏಳು" ಎಂದು ಗುಂಡಿ ಒತ್ತುತ್ತಾರೆ.

ಡಬ್ಬಿ ಎಂದರೆ ನಿಜಕ್ಕೂ ಬಿಸ್ಕತ್ತಿನ ಡಬ್ಬಿಯೇ. ಮುಚ್ಚಳಕ್ಕೆ ಮೊಳೆಯಿಂದ ತೂತು ಹೊಡೆದು ಕೆಳಗೆ ಸ್ಪೀಕರ್ ಕೂರಿಸಿದ್ದಾರೆ. ಒಳಗೆ ಅಂಗೈಯಗಲದ ಹಸಿರು ಬೋರ್ಡು, ಪಕ್ಕದಲ್ಲಿ ಬೆಂಕಿಪೊಟ್ಟಣದಷ್ಟು ಪರದೆ. ಪರದೆಯ ಮೇಲೆ ಮೂಡುವ ಮೊದಲ ಸಾಲು: 1970, ಜನವರಿ 1. ಒಂದು ನಿಮಿಷದೊಳಗೆ ತಾರೀಕು ಅಲ್ಲಿಂದ ಜಿಗಿದು ಇವತ್ತಿಗೆ ಬರುತ್ತದೆ. ಆಮೇಲೆ ಮೂಗಿನಲ್ಲಿ ಮಾತನಾಡುವ, ಏರಿಳಿತವೇ ಇಲ್ಲದ ಗಂಡು ಧ್ವನಿಯೊಂದು ಶುರುವಾಗುತ್ತದೆ. "ಇಂದಿನ ಪತ್ರಿಕೆ. ಮೊದಲ ಪುಟ."

"ಇದರೊಳಗೆ ಗಡಿಯಾರದ ಸೆಲ್ ಇಲ್ಲ. ಕರೆಂಟ್ ತೆಗೆದ್ರೆ ದಿನ ಮರೆತುಬಿಡುತ್ತೆ. ಎದ್ದಾಗೆಲ್ಲ ಎಪ್ಪತ್ತನೇ ಇಸವಿ ಅಂದ್ಕೊಳ್ಳುತ್ತೆ. ಆಮೇಲೆ ಇಂಟರ್ನೆಟ್ಟಿನಲ್ಲಿ ಯಾರನ್ನೋ ಕೇಳಿ ಸರಿಮಾಡ್ಕೊಳ್ಳುತ್ತೆ" ಎಂದು ಅವರು ನಗುತ್ತಾರೆ. "ನಮ್ಮತ್ತೆ ಮದುವೆಯಾಗಿದ್ದು ಅದೇ ವರ್ಷ. ಹೇಳಿದ್ದಕ್ಕೆ ಏನಂದ್ರು ಗೊತ್ತಾ? ಈ ಮನೇಲಿ ನನ್ನ ಕಾಲ ನೆನಪಿಟ್ಟುಕೊಂಡಿರೋದು ಇದೊಂದೇ ಅಂದ್ರು."

ಸಂಬಳದ ಕೆಲಸದಲ್ಲಿ ಈಕೆ ಪುಸ್ತಕಕ್ಕೆ ರಟ್ಟು ಕಟ್ಟುವವರು. ಇಪ್ಪತ್ತೊಂಬತ್ತು ವರ್ಷಗಳಿಂದ ಈ ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ ಹರಿದ ಪುಸ್ತಕಗಳನ್ನು ಹೊಲಿಯುತ್ತಿದ್ದಾರೆ. ಆದರೆ ಸುತ್ತಲಿನ ಬೀದಿಗಳಲ್ಲಿ ಅವರನ್ನು ಕರೆಯುವುದು ಡಬ್ಬಿ ಅಕ್ಕ ಎಂದೇ. ಕಣ್ಣು ಕಾಣದವರ ಐವತ್ತೇಳು ಮನೆಗಳಲ್ಲಿ ಅವರು ಕಟ್ಟಿದ ಡಬ್ಬಿಗಳಿವೆ. ದಿನವೂ ಬೆಳಗ್ಗೆ ಅವು ಪತ್ರಿಕೆಯ ಕಚೇರಿಯಿಂದ ಅಂದಿನ ಸುದ್ದಿ ತರಿಸಿಕೊಂಡು ಗಟ್ಟಿಯಾಗಿ ಓದುತ್ತವೆ. ಹಳೆಯ ಕಾಲದ ಬಲ್ಬೊಂದು ಉರಿಯುವ ಕರೆಂಟಿನಲ್ಲಿ ಇಂಥ ಇಪ್ಪತ್ತು ಡಬ್ಬಿ ಓದಬಲ್ಲವು. ಕರೆಂಟು ಹೋದರೆ ಹಳೆ ಮೊಬೈಲಿನ ಬ್ಯಾಟರಿಯ ಮೇಲೆ ಐದು ಗಂಟೆ ನಡೆಯುತ್ತವೆ.

ಶುರುವಾದದ್ದು ಅತ್ತೆಯಿಂದ. ಅವರ ಕಣ್ಣು ಹೋದಾಗ ಸೊಸೆ ಪ್ರತಿದಿನ ಕೆಲಸಕ್ಕೆ ಹೊರಡುವ ಮುನ್ನ ಪತ್ರಿಕೆ ಓದಿ ಹೇಳುತ್ತಿದ್ದರು. "ಒಲೆ ಮೇಲೆ ಒಂದು ಕಣ್ಣು, ಪತ್ರಿಕೆ ಮೇಲೆ ಒಂದು ಕಣ್ಣು. ಅತ್ತೆ ಬಿಡ್ತಿರಲಿಲ್ಲ. ನೀನು ಸುದ್ದಿ ಓದ್ತಾ ಇದೀಯೋ ತರಕಾರಿ ಕೂಗ್ತಾ ಇದೀಯೋ, ಒಂದು ಪುಟ ಹಾರಿಸಿದೆ ತಾನೇ, ಅನ್ನೋರು. ಹಾರಿಸಿರ್ತಿದ್ದೆ. ಅದು ಹೇಗೆ ಗೊತ್ತಾಗೋದೋ!" ಡಬ್ಬಿ ಅಕ್ಕನ ತಂದೆ ರೇಡಿಯೊ ರಿಪೇರಿ ಮಾಡುತ್ತಿದ್ದವರು. ಅಪ್ಪನ ಮೇಜಿನ ಕೆಳಗೆ ಕುಳಿತು ಬೆಸುಗೆ ಹಾಕುವುದನ್ನು ಕಲಿತ ಕೈಗಳಿಗೆ, ಗ್ರಂಥಾಲಯದ ಗುಜರಿಯಲ್ಲಿ ಬಿದ್ದಿದ್ದ ಒಂದು ಪುಟ್ಟ ಬೋರ್ಡು ಸಿಕ್ಕಿತು. ಅದನ್ನು ನಡೆಸಲು ಬೇಕಾದ ಲಿನಕ್ಸ್ ಪುಕ್ಕಟೆ ಸಿಗುತ್ತದೆ. ದೇಶದೇಶಗಳ ಜನ ಸೇರಿ ಬರೆದು, ಬೇಕಾದವರು ಬಳಸಲಿ ಎಂದು ಬಿಟ್ಟಿರುವ ವ್ಯವಸ್ಥೆ ಅದು. ಎಂಟು ತಿಂಗಳು ಒದ್ದಾಡಿ ಅದಕ್ಕೆ ಓದಲು ಕಲಿಸಿದರು. ಹದಿನಾಲ್ಕು ವರ್ಷಗಳ ಹಿಂದಿನ ಮಾತು. ಅತ್ತೆ ಅದನ್ನು ಕೇಳಿ, "ಇವನು ಪುಟ ಹಾರಿಸಲ್ಲ" ಎಂದು ಒಪ್ಪಿಗೆ ಕೊಟ್ಟರಂತೆ.

ಅತ್ತೆ ಹೋಗಿ ಆರು ವರ್ಷವಾಯಿತು. ಡಬ್ಬಿ ಮಾತ್ರ ಮೇಜಿನ ಮೇಲಿದೆ. ಬೋರ್ಡುಗಳಲ್ಲೆಲ್ಲ ಇದೇ ಹಳೆಯದು, ಇದೇ ನಿಧಾನದ್ದು. ಹಾಗಾಗಿ ಹೊಸದೇನೇ ಬಂದರೂ ಮೊದಲು ಇದರ ಮೇಲೆ ಪರೀಕ್ಷೆ. "ಅತ್ತೆ ಒಪ್ಪಿದ್ರೆ ಊರೆಲ್ಲ ಒಪ್ಪುತ್ತೆ" ಎಂಬುದು ಅವರ ಲೆಕ್ಕ. ಪರೀಕ್ಷೆಯನ್ನು ನಸುಕಿನಲ್ಲೇ ಮಾಡುತ್ತಾರೆ. ರಾತ್ರಿಯಿಡೀ ಆರಿದ್ದು ಪೂರ್ತಿ ತಣ್ಣಗಾದ ಬೋರ್ಡನ್ನು ಎಬ್ಬಿಸಿದರೆ ಮಾತ್ರ ಅದರ ನಿಜಬಣ್ಣ ಗೊತ್ತಾಗುವುದು. ಮಧ್ಯಾಹ್ನ ಬೆಚ್ಚಗಿದ್ದಾಗ ಎಲ್ಲವೂ ಒಳ್ಳೆಯವೇ. "ಮನುಷ್ಯರೂ ಹಾಗೇ ಅಲ್ವಾ? ಎದ್ದ ತಕ್ಷಣ ಹೇಗಿರ್ತಾರೆ ಅಂತ ನೋಡಬೇಕು" ಎನ್ನುತ್ತಾರೆ.

ಅವರ ಪತಿ ಈಗ ನಿವೃತ್ತ ದರ್ಜಿ. ಆರು ಗಂಟೆಗೆ ಫ್ಲಾಸ್ಕಿನಲ್ಲಿ ಚಹಾ ಹಿಡಿದು ಬರುತ್ತಾರೆ, ಬಾಗಿಲಲ್ಲಿ ನಿಂತು ಕಾಯುತ್ತಾರೆ. ಒಳಗೆ ಡಬ್ಬಿ ಮಾತನಾಡುತ್ತಿರುವಾಗ ಯಾರೂ ಮಾತನಾಡುವಂತಿಲ್ಲ. "ಮೂವತ್ತು ವರ್ಷ ಸಂಸಾರ ಮಾಡಿದೀನಿ. ನನ್ನ ಮಾತು ಒಂದು ದಿನವಾದ್ರೂ ಇಷ್ಟು ಕಿವಿಗೊಟ್ಟು ಕೇಳಿದಾಳಾ, ಕೇಳಿ ನೋಡಿ" ಎಂದು ಅವರು ದೂರುತ್ತಾರೆ. ಹೆಂಡತಿ ತಲೆಯೆತ್ತದೆ ಉತ್ತರಿಸುತ್ತಾರೆ: "ನೀವೂ ದಿನಾ ಹೊಸ ಸುದ್ದಿ ಹೇಳಿ, ಕೇಳ್ತೀನಿ."

ಈ ತಮಾಷೆಯ ಕೋಣೆಯಲ್ಲಿ ಕಳೆದ ಬೇಸಿಗೆಯಲ್ಲಿ ನಗು ನಿಂತುಹೋಗಿತ್ತು. ಎರಡು ಪತ್ರಗಳು ಬೆನ್ನುಬೆನ್ನಿಗೆ ಬಂದವು. ಮೊದಲನೆಯದು ಪತ್ರಿಕೆಯ ಕಚೇರಿಯದು. ಸುದ್ದಿ ಕಳಿಸುವ ಬಾಗಿಲಿಗೆ ಹೊಸ ಭದ್ರತೆಯ ಬೀಗ ಹಾಕುತ್ತಿದ್ದೇವೆ, ಹಳೆಯ ತಂತ್ರಾಂಶದ ಕೀಲಿ ಇನ್ನು ಹೊಂದುವುದಿಲ್ಲ ಎಂದಿತ್ತು. ಹಾಗಾದರೆ ಡಬ್ಬಿಗಳಿಗೆ ಲಿನಕ್ಸಿನ ಹೊಸ ಆವೃತ್ತಿ ಹಾಕಬೇಕು. ಎರಡನೆಯದು ಆ ಆವೃತ್ತಿಯನ್ನು ಸಿದ್ಧಪಡಿಸುವ ಸ್ವಯಂಸೇವಕರದು. ಈ ಡಬ್ಬಿಗಳ ಮಿದುಳು, ಅಂದರೆ ಪ್ರೊಸೆಸರ್, ಆರ್ಮ್ ಎಂಬ ಕುಲದ್ದು. ಇಂದಿನ ಮೊಬೈಲುಗಳಲ್ಲಿ ಇರುವುದೂ ಅದೇ ಕುಲವೇ, ಆದರೆ ಇದು ಅಜ್ಜನ ತಲೆಮಾರು. ಈ ಹಳೆಯ ಪ್ರೊಸೆಸರನ್ನು ಯಾರೂ ಬಳಸುತ್ತಿರುವಂತೆ ಕಾಣುವುದಿಲ್ಲ, ಹೊಸ ಆವೃತ್ತಿಯಿಂದ ಕೈಬಿಡುತ್ತೇವೆ ಎಂದು ಅವರು ಸಾರಿದ್ದರು. ಬಳಸುವವರು ಇದ್ದರೆ ಪ್ರಾಯೋಗಿಕ ಆವೃತ್ತಿಯನ್ನು ನಿಜವಾದ ಬೋರ್ಡಿನ ಮೇಲೆ ಒಂದು ದಿನವೂ ಬಿಡದೆ ಏಳು ದಿನ ಎಬ್ಬಿಸಿ ನಡೆಸಿ, ತಿಂಗಳೊಳಗೆ ವರದಿ ಕಳಿಸಬೇಕು. ಇಲ್ಲದಿದ್ದರೆ ಅಷ್ಟೇ.

ಅವರ ಪಟ್ಟಿಯಲ್ಲಿ ಪ್ರತಿಯೊಂದು ಪ್ರೊಸೆಸರಿನ ಮುಂದೆಯೂ ನೋಡಿಕೊಳ್ಳುವವರ ಹೆಸರಿರುತ್ತದೆ. ಇದರ ಮುಂದೆ ಒಂದೇ ಪದವಿತ್ತು. ಅನಾಥ.

"ಅದು ಕೆಟ್ಟ ಪದ ಏನಲ್ಲ. ಅವರಲ್ಲಿ ಹಾಗೆ ಬರೆಯೋದು ರೂಢಿ. ಆದ್ರೂ ಐವತ್ತೇಳು ಮನೇಲಿ ಬೆಳಬೆಳಗ್ಗೆ ಮಾತಾಡ್ತಿರೋದನ್ನ ಅನಾಥ ಅಂದ್ರೆ..." ಡಬ್ಬಿ ಅಕ್ಕ ದಾರಕ್ಕೆ ಮೇಣ ಸವರುತ್ತಾರೆ.

ಹೊಸ ಯಂತ್ರ ತಂದರಾಯಿತಲ್ಲ ಎಂದು ಗ್ರಂಥಪಾಲಕರೂ ಕೇಳಿದ್ದರು. ಮಾದರಿಗೆ ಒಂದನ್ನು ತರಿಸಿ, ಅತಿ ಹಳೆಯ ಕೇಳುಗರೊಬ್ಬರ ಮನೆಗೆ ಕೊಟ್ಟೂ ನೋಡಿದರು. ಆ ಕೇಳುಗರು ಮೊದಲು ರೈಲು ಓಡಿಸುತ್ತಿದ್ದವರು, ಎಲ್ಲರಿಗೂ ಇಂಜಿನ್ ತಾತ. ಮೂರನೇ ದಿನ ಯಂತ್ರ ವಾಪಸು ಬಂತು. "ಮಾತು ಜೇನು, ತಾಯಿ. ಆದ್ರೆ ಅದರೊಳಗಿನ ಹುಡುಗಿ ಸಾವಿನ ಸುದ್ದೀನೂ ಸೋಪು ಮಾರೋ ಹಾಗೆ ಓದ್ತಾಳೆ. ಗುಂಡಿ ಒತ್ತಿದ್ರೆ ಯೋಚನೆ ಮಾಡಿ ಬಾಯಿ ಬಿಡ್ತಾಳೆ. ನನ್ನ ಮೂಗಣ್ಣ ಹಾಗಲ್ಲ, ಒತ್ತಿದ ಕೂಡಲೇ ಶುರು. ಎರಡು ಪಟ್ಟು ಜೋರಾಗಿ ಓಡಿಸಿದ್ರೂ ಒಂದಕ್ಷರ ತಪ್ಪಲ್ಲ."

ಮೂಗಿನ ದನಿಯ ಈ ಮೂಗಣ್ಣನನ್ನು ಉಳಿಸುವ ಕೆಲಸ ಡಬ್ಬಿ ಅಕ್ಕನ ಪಾಲಿಗೆ ಬಂತು. ಪ್ರಾಯೋಗಿಕ ಆವೃತ್ತಿ ಇಳಿಸಿಕೊಂಡು ಅತ್ತೆ ಡಬ್ಬಿಗೂ ಇಂಜಿನ್ ತಾತನ ಡಬ್ಬಿಗೂ ಹಾಕಿದರು. ಅದರ ಜೊತೆಗೆ ಓದುವ ತಂತ್ರಾಂಶವನ್ನು ಮಾತ್ರ ಅವರೇ ಹೊಸದಾಗಿ ಕಟ್ಟಬೇಕಿತ್ತು, ಅಂದರೆ ಮನುಷ್ಯರು ಬರೆದದ್ದನ್ನು ಪ್ರೊಸೆಸರಿಗೆ ತಿಳಿಯುವ ಆಜ್ಞೆಗಳಾಗಿ ಯಂತ್ರವೊಂದರಿಂದ ಬದಲಾಯಿಸಿಕೊಳ್ಳಬೇಕಿತ್ತು. ಅತ್ತೆ ಡಬ್ಬಿಯಲ್ಲಿ ಕಟ್ಟಲು ಕೂತರೆ ಅರ್ಧ ದಿನ. ಗ್ರಂಥಾಲಯದಲ್ಲಿ ಅದೇ ಆರ್ಮ್ ಕುಲದ ಒಂದು ಹೊಸ ಬೋರ್ಡು ಇತ್ತು, ಅದರ ಮೇಲೆ ಕಟ್ಟಿದರು. ಮೂರು ನಿಮಿಷ. ಮೊದಲ ಎರಡು ನಸುಕು ಡಬ್ಬಿ ಸರಿಯಾಗಿ ಎದ್ದಿತು, ತಲೆಬರಹ ಓದಿತು. ಅಷ್ಟು ಕೇಳಿ ಅವರು ಆರಿಸಿಬಿಟ್ಟರು. ಮೂರನೆಯ ದಿನ ಸ್ವಲ್ಪ ಹೆಚ್ಚು ಹೊತ್ತು ಬಿಟ್ಟರೆ, ಓದುತ್ತ ಓದುತ್ತ ಒಂದು ವಾಕ್ಯದ ನಡುವೆ ಸುಮ್ಮನಾಯಿತು. ಮತ್ತೆ ಎಬ್ಬಿಸಿದರು. ಮತ್ತೆ ಓದಿತು, ಮತ್ತೆ ಸುಮ್ಮನಾಯಿತು.

ಎರಡು ವಾರ ಹೀಗೇ. ತಂತಿ ಬದಲಾಯಿಸಿದರು, ಸ್ಪೀಕರ್ ಬದಲಾಯಿಸಿದರು, ಲಿನಕ್ಸನ್ನು ಮೂರು ಸಲ ಅಳಿಸಿ ಹಾಕಿದರು. ಕೊನೆಗೆ ಸ್ವಯಂಸೇವಕರಿಗೆ ನಾಲ್ಕು ಸಾಲು ಬರೆದಿಟ್ಟರು. ನೀವು ಹೇಳಿದ್ದು ನಿಜ, ಹಳೆಯದಕ್ಕೆ ಇದು ಹೊರಲಾರದ ಹೊರೆ, ಪಟ್ಟಿಯಿಂದ ತೆಗೆದುಬಿಡಿ. "ಅತ್ತೆಗೆ ವಯಸ್ಸಾಯ್ತು ಅಂತ ಡಾಕ್ಟರ್ ಅಂದಾಗಲೂ ನಾನು ಹೀಗೇ ತಲೆ ಆಡಿಸಿದ್ದೆ" ಎನ್ನುತ್ತಾರೆ. ಪತ್ರ ಕಳಿಸಲಿಲ್ಲ. ನಾಳೆ ಬೆಳಗ್ಗೆ ಕಳಿಸೋಣ ಎಂದುಕೊಂಡು ಮನೆಗೆ ಹೋದರು.

ಬೆಳಗ್ಗೆ ಬಂದಾಗ ಇಂಜಿನ್ ತಾತ ಕೋಲೂರಿಕೊಂಡು ಗ್ರಂಥಾಲಯದ ಮೆಟ್ಟಿಲ ಮೇಲೆ ಕೂತಿದ್ದರು. ಅವರು ಹೇಳಿದ್ದನ್ನು ಡಬ್ಬಿ ಅಕ್ಕ ಅವರದೇ ದನಿಯಲ್ಲಿ ಹೇಳಿ ತೋರಿಸುತ್ತಾರೆ. "ಏನಮ್ಮಾ, ಮೂಗಣ್ಣಂಗೆ ಲೆಕ್ಕ ಮರೆತುಹೋಗಿದೆ! ತೊಂಬತ್ತೆಂಟು ಜನ ಬಂದಿದ್ರು ಅಂದ್ರೆ ಚೆನ್ನಾಗಿ ಓದ್ತಾನೆ. ನೂರ ನಾಲ್ಕು ಬರಲಿ, ಬಾಯಿಗೆ ಬೀಗ. ನಾನು ಹದಿನೈದು ದಿನದಿಂದ ನೋಡ್ತಾ ಇದೀನಿ, ನೂರರ ಗೇಟು ದಾಟಲೇ ಇಲ್ಲ ಅವನು."

ರೈಲು ಓಡಿಸಿದವರಿಗೆ ಎಣಿಸುವ ಚಾಳಿ ಬಿಡುವುದಿಲ್ಲ. ಆ ಮಾತು ಕೇಳಿ ಡಬ್ಬಿ ಅಕ್ಕ ಮೆಟ್ಟಿಲ ಮೇಲೇ ಕುಳಿತುಬಿಟ್ಟರು. ನಮ್ಮ ಭಾಷೆಯಲ್ಲಿ ನೂರರೊಳಗಿನ ಸಂಖ್ಯೆಗಳನ್ನು ಡಬ್ಬಿ ಒಂದು ಪಟ್ಟಿಯಿಂದ ನೇರ ಎತ್ತಿಕೊಳ್ಳುತ್ತದೆ. ನೂರು ದಾಟಿದರೆ ಭಾಗಾಕಾರ ಮಾಡಿ, ಎಷ್ಟು ನೂರು, ಉಳಿದದ್ದೆಷ್ಟು ಎಂದು ಬಿಡಿಸಿಕೊಳ್ಳಬೇಕು. ಹೊಸ ಬೋರ್ಡಿನ ಪ್ರೊಸೆಸರಿಗೆ ಭಾಗಿಸಲು ಒಂದು ನೇರ ಆಜ್ಞೆ ಹುಟ್ಟಿನಿಂದಲೇ ಗೊತ್ತು. ಹಳೆಯದಕ್ಕೆ ಆ ಆಜ್ಞೆಯೇ ಇಲ್ಲ, ಅದು ಕಳೆದು ಕಳೆದು ಉತ್ತರ ತೆಗೆಯುತ್ತದೆ. ಹೊಸದರ ಮೇಲೆ ಕಟ್ಟಿದ್ದರಿಂದ ತಂತ್ರಾಂಶದಲ್ಲಿ ಹೊಸ ಆಜ್ಞೆ ಸೇರಿಕೊಂಡಿತ್ತು. ಅರ್ಥವಾಗದ ಆಜ್ಞೆ ಎದುರಾದಾಗಲೆಲ್ಲ ಹಳೆಯ ಪ್ರೊಸೆಸರ್ ಕೈಚೆಲ್ಲುತ್ತಿತ್ತು. ಲಿನಕ್ಸಿನದೂ ತಪ್ಪಿಲ್ಲ, ಡಬ್ಬಿಯದೂ ತಪ್ಪಿಲ್ಲ.

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ಮಾಡಿದ್ದು ಅದೇ" ಎಂದು ಡಬ್ಬಿ ಅಕ್ಕ ಮುಚ್ಚುಮರೆಯಿಲ್ಲದೆ ಒಪ್ಪುತ್ತಾರೆ. "ಮೂರು ನಿಮಿಷದ ಆಸೆಗೆ ಬಿದ್ದೆ. ಅದರದ್ದು ಅದೇ ಕಟ್ಕೊಳ್ಳಲಿ ಅಂತ ಬಿಡಬೇಕಿತ್ತು."

ಆ ದಿನ ಹಾಗೆಯೇ ಬಿಟ್ಟರು. ಅತ್ತೆ ಡಬ್ಬಿ ತನ್ನ ಓದುವ ತಂತ್ರಾಂಶವನ್ನು ತಾನೇ ಕಟ್ಟಿಕೊಳ್ಳಲು ಐದೂವರೆ ಗಂಟೆ ತೆಗೆದುಕೊಂಡಿತು. ಅಷ್ಟರಲ್ಲಿ ಎರಡು ನಿಘಂಟುಗಳ ಬೆನ್ನು ಹೊಲಿದು ಮುಗಿದಿತ್ತು. ವರದಿಗೆ ಉಳಿದಿದ್ದದ್ದು ಎಂಟು ದಿನ, ಬೇಕಾದದ್ದು ಏಳು. ಒಂದು ದಿನ ತಪ್ಪಿದರೂ ಮತ್ತೆ ಮೊದಲಿನಿಂದ ಎಣಿಸಲು ಸಮಯವಿರಲಿಲ್ಲ. ಏಳು ನಸುಕೂ ಅವರು ಡಬ್ಬಿಯನ್ನು ಎಬ್ಬಿಸಿ, ಈ ಸಲ ಕೊನೆಯ ಪುಟದ ಹವಾಮಾನದವರೆಗೂ ಕೂತು ಕೇಳಿದರು. ಐದನೆಯ ದಿನ ಬೀದಿಯ ಕರೆಂಟು ಹೋಯಿತು, ಅತ್ತೆ ಡಬ್ಬಿಯ ಬ್ಯಾಟರಿಯೋ ಹಳತಾಗಿ ಸತ್ತಿತ್ತು. ದರ್ಜಿ ಯಜಮಾನರು ತಮ್ಮ ಮೊಬೈಲಿನ ಬ್ಯಾಟರಿ ಬಿಚ್ಚಿಕೊಟ್ಟು, ದಿನವಿಡೀ ಫೋನಿಲ್ಲದೆ ಓಡಾಡಿದರು. "ಯಾರೂ ಫೋನ್ ಮಾಡಲಿಲ್ಲ, ಅದೂ ಒಂದು ಸುಖ" ಎನ್ನುತ್ತಾರೆ.

ವರದಿ ಹೋದ ಹತ್ತನೇ ದಿನ ಉತ್ತರ ಬಂತು. ಹಳೆಯ ಪ್ರೊಸೆಸರ್ ಹೊಸ ಆವೃತ್ತಿಯಲ್ಲಿ ಉಳಿಯುತ್ತದೆ, ಆದರೆ ನೋಡಿಕೊಳ್ಳುವ ಹೊಣೆ ಯಾರಾದರೂ ಹೊರಬೇಕು, ಪ್ರತಿ ಆವೃತ್ತಿಗೂ ಈ ಪರೀಕ್ಷೆ ಮಾಡಬೇಕು. ಡಬ್ಬಿ ಅಕ್ಕ ಹೂಂ ಎಂದರು. ಪಟ್ಟಿಯಲ್ಲಿ ಹೊಣೆಗೂ ದರ್ಜೆಗಳಿವೆಯಂತೆ. ಪೂರ್ಣಾವಧಿ ನೋಡಿಕೊಳ್ಳುವವರು, ಬಿಡುವಾದಾಗ ನೋಡಿಕೊಳ್ಳುವವರು, ಆಗಾಗ ರಿಪೇರಿ ಮಾಡುವವರು. ಅವರು ಕೊನೆಯದನ್ನೇ ಆರಿಸಿದರು. "ಇರೋದನ್ನ ಹೇಳಬೇಕು. ನಂದು ರಟ್ಟು ಕಟ್ಟೋ ಕೆಲಸ. ಹಳೆ ಹಾಳೆಗೆ ಹೊಸ ಹೊದಿಕೆ. ಇಲ್ಲೂ ಅದೇ ಮಾಡಿದ್ದು."

ಈಗ ಐವತ್ತೇಳು ಡಬ್ಬಿಗಳೂ ಹೊಸ ಆವೃತ್ತಿಯ ಮೇಲಿವೆ. ಒಂದೊಂದನ್ನೂ ಮನೆಯಿಂದ ತರಿಸಿ, ಸರಿಮಾಡಿ, ಹಿಂದಿರುಗಿಸಲು ಎರಡು ತಿಂಗಳು ಹಿಡಿಯಿತು. ಕಳೆದ ವರ್ಷ ಮೂರು ಬೋರ್ಡು ಸುಟ್ಟುಹೋಗಿವೆ, ಇಂಥವು ಇನ್ನು ತಯಾರಾಗುವುದಿಲ್ಲ. ಕಪಾಟಿನಲ್ಲಿ ಉಳಿದಿರುವುದು ಐದು. ಆಮೇಲೆ?

"ಆಮೇಲೆ ಒಂದೊಂದಾಗಿ ನಿಲ್ಲುತ್ತೆ. ನಿಲ್ಲಲಿ, ಅದಕ್ಕೆ ನಾನೇನು ಅಳಲ್ಲ. ನನ್ನಾಸೆ ಇಷ್ಟೇ, ಅದರ ಆಯಸ್ಸು ಮುಗಿದು ನಿಲ್ಲಬೇಕು. ಎಲ್ಲೋ ಕೂತವರು ಯಾರೂ ಇಲ್ಲ ಅಂದ್ಕೊಂಡು ಗೀಟು ಹೊಡೆದ್ರು ಅಂತ ನಿಲ್ಲಬಾರದು."

ಹೊರಗೆ ಬೆಳಕು ಹರಿದಿದೆ. ಅತ್ತೆ ಡಬ್ಬಿ ಮೂರನೇ ಪುಟಕ್ಕೆ ಬಂದಿದೆ. ಯಾವುದೋ ಪರೀಕ್ಷೆ ಬರೆದವರ ಸಂಖ್ಯೆ. ಡಬ್ಬಿ ಅಕ್ಕನ ಕೈಯ ಸೂಜಿ ರಟ್ಟಿನ ನಡುವೆ ನಿಲ್ಲುತ್ತದೆ. ಬಾಗಿಲಲ್ಲಿ ಯಜಮಾನರು ಚಹಾ ಹಿಡಿದು ಕಾಯುತ್ತಿದ್ದಾರೆ. "ಹನ್ನೆರಡು ಸಾವಿರದ ಆರುನೂರ ನಲವತ್ತೊಂದು" ಎನ್ನುತ್ತದೆ ಮೂಗಿನ ದನಿ, ಎಲ್ಲೂ ಎಡವದೆ.

ಸೂಜಿ ಮತ್ತೆ ನಡೆಯುತ್ತದೆ. "ಹೂಂ, ಈಗ ಮಾತಾಡಿ" ಎಂದು ಅವರು ಗಂಡನ ಕಡೆ ತಿರುಗಿ ಚಹಾಕ್ಕೆ ಕೈಚಾಚುತ್ತಾರೆ.