ಒಂಟಿ ಎಳೆಯ ರಂಗೋಲಿ

ಕುಂಭಕೋಣದ ಕೋಮಳವಲ್ಲಿ ಒಂಬತ್ತು ದಿನ ತನ್ನ ಬ್ಲಾಗಿಗೆ ಏನನ್ನೂ ಹಾಕದೆ ಸುಮ್ಮನೆ ಕೂತಳು. ನಾಲ್ಕು ವರ್ಷದಲ್ಲಿ ಒಂದು ದಿನವೂ ತಪ್ಪಿಸಿದವಳಲ್ಲ. ಚಿಕುನ್‌ಗುನ್ಯಾ ಬಂದು ಬೆರಳು ಮಡಚಲಾಗದಿದ್ದಾಗಲೂ ಎಡಗೈಯಲ್ಲಿ ಐದು ಚುಕ್ಕಿಯದೊಂದು ರಂಗೋಲಿ ಬಿಟ್ಟು ಫೋಟೋ ಹಾಕಿದ್ದಳು. ಈಗ ಓದುಗರೆಲ್ಲ "ಮಾಮಿ, ಮೈಗೆ ಹುಷಾರಿಲ್ವಾ?" ಎಂದು ಬರೆದು ಬರೆದು ಸುಸ್ತಾದರು. ಮೈಗೇನೂ ಆಗಿರಲಿಲ್ಲ. ಅವಳು ಕಾಯುತ್ತಿದ್ದಳು, ಅಷ್ಟೆ.

ಮೂವತ್ತು ವರ್ಷ ಕೋರ್ಟಿನ ಗೇಟಿನ ಪಕ್ಕ ಕೂತು ಊರವರ ಕ್ರಯಪತ್ರ, ತಕರಾರು ಅರ್ಜಿ ಟೈಪು ಮಾಡಿದವಳು ಕೋಮಳಂ. ಗಂಡ ಸೌರಿರಾಜನ್ ತೀರಿಕೊಂಡ ವರ್ಷವೇ ಮದರಾಸಿನಲ್ಲಿ ಮೈದುನನ ಮಗಳ ಮದುವೆ. ಹಸೆಯ ಮೇಲೆ ರಂಗೋಲಿ ಬಿಡಲೆಂದು ಕೋಮಳಂ ಅಕ್ಕಿ ನೆನೆಹಾಕಿ, ಅರೆದು, ಬಟ್ಟಲು ಹಿಡಿದು ಕೂತಿದ್ದಳು. ಓರಗಿತ್ತಿ ವಸುಮತಿ ಬಂದು ಬಟ್ಟಲು ಕೈಯಿಂದ ತೆಗೆದುಕೊಂಡಳು.

"ಅಕ್ಕಾ, ನೀವು ಹೋಗಿ ಹಿಂದೆ ಕೂತ್ಕೊಳ್ಳಿ. ಶುಭಕಾರ್ಯ ನೋಡಿ, ಯಾರಾದ್ರೂ ಏನಾದ್ರೂ ಅಂದ್ರೆ ನಿಮ್ಗೇ ಬೇಜಾರು."

ಯಾರೂ ಏನೂ ಅಂದಿರಲಿಲ್ಲ. ಅಂದವಳು ಅವಳೊಬ್ಬಳೇ. ಆಮೇಲೆ ಮನಸ್ಸು ಚುಚ್ಚಿತೋ ಏನೋ, ಮನೆಯಲ್ಲಿ ಧೂಳು ತಿನ್ನುತ್ತಿದ್ದ ಹಳೆಯ ಕಂಪ್ಯೂಟರೊಂದನ್ನು ಕುಂಭಕೋಣಕ್ಕೆ ಕಳಿಸಿಕೊಟ್ಟಳು, ಅಕ್ಕನಿಗೆ ಹೊತ್ತು ಹೋಗಲಿ ಎಂದು. ಕೋಮಳಂ ಅದನ್ನು ಒರೆಸಿ, ಅದರಲ್ಲೇ ಬ್ಲಾಗು ಶುರು ಮಾಡಿದಳು.

ಮೊದಲ ತಿಂಗಳು ದಿನಕ್ಕೆ ಹನ್ನೊಂದು ಜನ ನೋಡುತ್ತಿದ್ದರು. ಅದರಲ್ಲಿ ಐದು ಸಲ ನೋಡಿದವಳು ತಾನೇ ಎಂದು ತಿಳಿದಾಗ ಒಬ್ಬಳೇ ನಕ್ಕಳು. ಆಮೇಲೆ ಗುಟ್ಟು ಸಿಕ್ಕಿತು. 'ಚಂದದ ರಂಗೋಲಿ' ಎಂದು ಯಾವ ಹೆಂಗಸೂ ಹುಡುಕುವುದಿಲ್ಲ, 'ಹದಿನೈದು ಚುಕ್ಕಿ, ಎಂಟರವರೆಗೆ' ಎಂದು ಹುಡುಕುತ್ತಾಳೆ. ಕೋಮಳಂ ಎಲ್ಲ ತಲೆಬರಹಗಳನ್ನೂ ತಿದ್ದಿ ಚುಕ್ಕಿಯ ಲೆಕ್ಕ ಮುಂದಕ್ಕೆ ತಂದಳು. ಒಂದೊಂದು ರಂಗೋಲಿಗೂ ನಾಲ್ಕು ಫೋಟೋ: ಚುಕ್ಕಿ, ಕಾಲು, ಅರ್ಧ, ಪೂರ್ತಿ. ಬಿಸಿಲು ಬೀದಿಗೆ ಇಳಿಯುವ ಮೊದಲೇ ಜಗಲಿಯ ಪಕ್ಕ ಸ್ಟೂಲು ಹಾಕಿ, ಅದರ ಮೇಲೆ ಹತ್ತಿ ತೆಗೆಯಬೇಕು. ಕೇಳಿದವರಿಗೆಲ್ಲ ಅವತ್ತೇ ಉತ್ತರ ಬರೆಯಬೇಕು. ಮೂರನೆಯ ಧನುರ್ಮಾಸಕ್ಕೆ ದಿನಕ್ಕೆ ಹತ್ತು ಸಾವಿರ ಜನ ಬರತೊಡಗಿದರು. ತಿರುನೆಲ್ವೇಲಿಯ ಒಬ್ಬ ತಾಯಿ ಮಗಳ ಹಸೆಮಣೆಯ ಫೋಟೋ ಕಳಿಸಿದಳು, ಕೆಳಗೆ ಕೋಮಳಂ ಬಿಟ್ಟ ಎಳೆಗಳೇ. ತನ್ನನ್ನು ಹಿಂದಿನ ಸಾಲಿನಲ್ಲಿ ಕೂರಿಸುವ ಮಂಟಪಕ್ಕೆ ತನ್ನ ರಂಗೋಲಿ ಹೋಗಿ ನಡುವೆ ಕೂತಿತ್ತು. ಆ ಫೋಟೋವನ್ನು ಅವಳು ಇಡೀ ದಿನ ನೋಡಿದಳು.

ಹಾಗಿರುವಾಗ ಓದುವವಳೊಬ್ಬಳು ಬರೆದಳು: 'ಮಾಮಿ, ಮದರಾಸಿನಲ್ಲಿ ನೀವು ಅಂಗಡಿ ಇಟ್ಟಿದ್ದೀರಾ?' ಇಟ್ಟವಳು ವಸುಮತಿ. ರಂಗೋಲಿಗಳನ್ನು ದೊಡ್ಡ ಪ್ಲಾಸ್ಟಿಕ್ ಹಾಳೆಯ ಮೇಲೆ ಅಚ್ಚು ಹಾಕಿಸಿ ಮದುವೆ ಮಂಟಪಗಳಿಗೆ ಹಾಸುವ ವ್ಯಾಪಾರ. ಅವಳ ವೆಬ್‌ಸೈಟಿನಲ್ಲಿ ಮೂವತ್ತೊಂದು ರಂಗೋಲಿಗಳಿದ್ದವು, ಮೂವತ್ತೊಂದೂ ಕೋಮಳಂ ಬಾಗಿಲಲ್ಲಿ ಬಿಟ್ಟವು. ಮೇಲೆ 'ವಸುಮತಿಯ ಕೈಚಳಕ' ಎಂಬ ಹೆಸರು. ಒಂದರಲ್ಲಿ ಕೋಮಳಂಳ ಸ್ಟೂಲಿನ ಕಾಲನ್ನು ಕೂಡ ಅಳಿಸಿರಲಿಲ್ಲ.

ಕೋಮಳಂ ಫೋನು ಮಾಡಿದಳು. "ನನ್ ಹೆಸ್ರು ಒಂದ್ ಮೂಲೇಲಾದ್ರೂ ಹಾಕ್ಬಾರ್ದಿತ್ತಾ, ವಸು?"

"ಅಯ್ಯೋ ಅಕ್ಕಾ, ನಾನು ನಿಮ್ ಒಳ್ಳೇದಕ್ಕೇ ಹೆಸ್ರು ಹಾಕ್ದೆ ಇದ್ದಿದ್ದು. ಮದ್ವೆ ಮನೆಯೋರು ಯಾರು ಏನು ಅಂತ ವಿಚಾರಿಸ್ತಾರೆ. ಗಂಡ ಇಲ್ದೋರು ಬಿಟ್ಟಿದ್ದು ಅಂತ ಗೊತ್ತಾದ್ರೆ ಹಾಳೇನೇ ವಾಪಸ್ ಕಳಿಸ್ತಾರೆ. ನೀವು ಬಿಡ್ತಾ ಇರಿ, ನಾನು ನಾಲ್ಕ್ ಜನಕ್ಕೆ ತಲುಪಿಸ್ತೀನಿ. ಎಲ್ಲಾ ನಮ್ ಮನೇಲೇ ಇರುತ್ತಲ್ಲ."

ಕೋಮಳಂ ಫೋನಿಟ್ಟಳು. ಕದ್ದದ್ದನ್ನು ಬೇಕಾದರೆ ಮರೆತಾಳು, ಕದ್ದು ಉಪಕಾರ ಹೇಳಿದ್ದನ್ನು ಮರೆಯಲಾರಳು. ಮಾರನೆಯ ದಿನವೂ ಎಂದಿನಂತೆ ರಂಗೋಲಿ ಹಾಕಿದಳು, ಅದೂ ವಾರದೊಳಗೆ ಹಾಳೆಯಾಯಿತು. ಕೋಮಳಂ ಎರಡು ವಿಷಯ ಗುರುತು ಮಾಡಿಕೊಂಡಳು. ವಸುಮತಿ ಫೋಟೋ ಎತ್ತುತ್ತಾಳೆ, ಕೆಳಗಿನ ಬರಹ ಓದುವುದಿಲ್ಲ. ತನ್ನ ಮನೆಯ ಕಾರ್ಯಕ್ಕಂತೂ ಅವಳಿಗೆ ಯಾವಾಗಲೂ ಇತ್ತೀಚಿನದೇ ಬೇಕು.

ಆ ವರ್ಷ ಸೌರಿರಾಜನ್ನರ ತಿಥಿ ಬಂದದ್ದು ವಸುಮತಿಯ ಮಗನ ನಿಶ್ಚಿತಾರ್ಥಕ್ಕೆ ಹತ್ತು ದಿನ ಮೊದಲು. ಅವರ ಮನೆಗಳಲ್ಲಿ ಶುಭಕ್ಕೆ ಎಳೆ ಜೋಡಿಯಾಗಿಯೇ ಬರಬೇಕು, ಅಂಚಿಗೆ ಕೆಮ್ಮಣ್ಣು ಬಳಿಯಬೇಕು. ತಿಥಿಯ ದಿನ ಊಟ ಮುಗಿಯುವ ತನಕ ಬಾಗಿಲಿಗೆ ರಂಗೋಲಿ ಇಲ್ಲ. ಮುಗಿದ ಮೇಲೆ ಬಿಡುವುದು ಒಂಟಿ ಎಳೆಯದು, ಕೆಮ್ಮಣ್ಣು ಇಲ್ಲದ್ದು. ಕುಂಭಕೋಣದಲ್ಲಿ ಹತ್ತು ವರ್ಷದ ಹುಡುಗಿಗೂ ಇದು ಗೊತ್ತು. ದೆಹಲಿಯ ಸರ್ಕಾರಿ ಕ್ವಾರ್ಟರ್ಸಿನ ಮೂರನೆಯ ಮಹಡಿಯಲ್ಲಿ ಬೆಳೆದ ವಸುಮತಿ ಬಾಗಿಲಿಗೆ ಅಂಟಿಸುತ್ತಿದ್ದದ್ದು ಸ್ಟಿಕ್ಕರು. ಭಾವನ ತಿಥಿಗೆ ಅವಳು ಒಮ್ಮೆಯೂ ಬಂದವಳಲ್ಲ, ಗಂಡನನ್ನು ಕಳಿಸಿ ಕೈತೊಳೆದುಕೊಳ್ಳುತ್ತಿದ್ದಳು. ಬಂದಿದ್ದರೆ ನೋಡಿರುತ್ತಿದ್ದಳು.

ಕೋಮಳಂ ಆ ಮಧ್ಯಾಹ್ನ ಬಿಟ್ಟದ್ದು ಜೀವಮಾನದಲ್ಲೇ ದೊಡ್ಡ ರಂಗೋಲಿ. ನಡುವೆ ಕಮಲ, ಸುತ್ತ ಕೊಳದ ಮೆಟ್ಟಿಲು, ನಾಲ್ಕು ಮೂಲೆಗೆ ದೀಪ. ಒಂದೇ ಎಳೆ, ಎಲ್ಲೂ ನಡುಗದೆ. ಕೆಳಗೆ ಒಂದಕ್ಷರ ಸುಳ್ಳಿಲ್ಲದೆ ಬರೆದಳು: 'ಇದು ನನ್ನ ಗಂಡನ ತಿಥಿಯ ರಂಗೋಲಿ. ಶುಭಕಾರ್ಯಕ್ಕೆ ಯಾರೂ ಬಿಡಬೇಡಿ.' ನಲವತ್ತೆರಡು ಜನ ಹೆಂಗಸರು ಅದನ್ನು ಓದಿ, 'ಗೊತ್ತು ಮಾಮಿ' ಎಂದು ಬರೆದರು. ಆಮೇಲೆ ಅವಳು ಬ್ಲಾಗು ಮುಟ್ಟಲಿಲ್ಲ. ಒಂಬತ್ತು ದಿನವೂ ಮೊದಲ ಪುಟದಲ್ಲಿ ಅದೊಂದೇ ಇತ್ತು. ಬರುವವರು ದಿನಕ್ಕೆ ನಾಲ್ಕು ಸಾವಿರಕ್ಕಿಳಿದರು. ಇಳಿಯಲಿ ಎಂದುಕೊಂಡಳು.

ನಿಶ್ಚಿತಾರ್ಥ ಮೈಲಾಪುರದ ಮಂಟಪದಲ್ಲಿ. ಕೋಮಳಂ ಬೆಳಗ್ಗೆಯೇ ಹೋಗಿ, ಯಾರೂ ಹೇಳುವ ಮೊದಲೇ ಹಿಂದಿನ ಸಾಲಿನಲ್ಲಿ ಕೂತಳು. ಬಾಗಿಲಿನಿಂದ ವೇದಿಕೆಯವರೆಗೆ ಅವಳ ಗಂಡನ ತಿಥಿಯ ರಂಗೋಲಿ ಹಾಳೆಯಾಗಿ ಹಾಸಿಕೊಂಡಿತ್ತು. ಹುಡುಗಿಯ ಕಡೆಯವರು ತಟ್ಟೆಗಳನ್ನು ಹಿಡಿದು ಬಂದರು. ಮುಂದೆ ಶ್ರೀರಂಗದ ಅಜ್ಜಿ. ಅಜ್ಜಿ ಹೊಸಿಲಲ್ಲಿ ನಿಂತುಬಿಟ್ಟಳು, ಹಿಂದಿನವರೂ ನಿಂತರು.

"ಯಾರಮ್ಮಾ ಇಲ್ಲಿ ತೀರ್ಕೊಂಡಿರೋದು?"

ವಸುಮತಿ ನಗುತ್ತಲೇ ಓಡಿಬಂದಳು. "ಪಾಟಿ, ಬನ್ನಿ, ಬನ್ನಿ. ಏನಾಯ್ತು?"

"ಒಂಟಿ ಎಳೆ ಬಿಟ್ಟಿದೀಯಲ್ಲ, ಕೆಮ್ಮಣ್ಣಿಲ್ಲ. ತಿಥಿ ಅಡುಗೇನೂ ಮಾಡ್ಸಿದೀಯೇನು? ಹೇಳ್ಬಿಡು, ಹೀಗೇ ವಾಪಸ್ ಹೋಗ್ತೀವಿ."

ಮಂಟಪದಲ್ಲಿ ನಾದಸ್ವರ ನಿಂತಿತು. ಅಜ್ಜಿಯ ಹಿಂದೆ ಹುಡುಗಿ ತಲೆ ತಗ್ಗಿಸಿ ನಿಂತಿದ್ದಳು. ಆ ಮುಖ ನೋಡಿದಾಗ ಕೋಮಳಂಗೆ ಒಂದು ಗಳಿಗೆ ಪಾಪ ಅನ್ನಿಸಿತು. ಎದ್ದು ಹೋಗಿ ಹೇಳಿಬಿಡಲೇ ಎಂದುಕೊಂಡಳು. ಅಷ್ಟರಲ್ಲಿ ವಸುಮತಿಯ ಬೆರಳು ಅವಳ ಕಡೆ ತಿರುಗಿತು.

"ನಂದಲ್ಲ ಪಾಟಿ, ಇವ್ರದ್ದು, ನಮ್ ಕುಂಭಕೋಣದ ಅಕ್ಕಂದು. ಕೋಮಳವಲ್ಲಿ ಅಂತ. ನನ್ ಹತ್ರ ಇರೋದೆಲ್ಲಾ ಇವ್ರು ಬಿಟ್ಟಿದ್ದೇ, ನಾನು ಫೋಟೋ ತಗೊಂಡು ಅಚ್ಚು ಹಾಕ್ಸಿದ್ದಷ್ಟೆ. ಕೇಳಿ ಬೇಕಾದ್ರೆ."

ಇನ್ನೂರು ಜನರ ಮುಂದೆ ತನ್ನ ಹೆಸರು. ಕೋಮಳಂ ಸೆರಗು ಸರಿಮಾಡಿಕೊಂಡು ಮುಂದೆ ಬಂದಳು.

"ಹೌದು ಪಾಟಿ, ನಂದೇ. ನನ್ ಯಜಮಾನ್ರ ತಿಥಿ ದಿನ ನಮ್ಮನೆ ಬಾಗ್ಲಲ್ಲಿ ಬಿಟ್ಟಿದ್ದು. ಯಾವುದಕ್ಕೆ ಬಿಡೋದು ಅಂತ ಕೆಳಗೇ ಬರ್ದಿದ್ದೆ. ಇವ್ಳು ಓದೋಕೆ ಪುರುಸೊತ್ತಿಲ್ದೆ ಎತ್ಕೊಂಡು ಬಂದಿದಾಳೆ."

ಅಜ್ಜಿ ಇಬ್ಬರನ್ನೂ ದಿಟ್ಟಿಸಿ ನೋಡಿದಳು. ಅಜ್ಜಿಯ ಹಣೆಯೂ ಕೋಮಳಂಳ ಹಣೆಯಂತೆ ಬರಿದಾಗಿತ್ತು. ಕೋಮಳಂ ಕಡೆ ತಿರುಗಿ ಹೇಳಿದಳು: "ಮೊದ್ಲು ಈ ಹಾಳೆ ಸುತ್ತಿ ಆಚೆ ಹಾಕಿ. ನೀನೇ ಒಂದ್ ಜೋಡಿ ಎಳೆ ಬಿಡಮ್ಮ, ಮುಹೂರ್ತ ಮೀರತ್ತೆ."

ಅಡುಗೆಮನೆಯಿಂದ ಅರೆದ ಅಕ್ಕಿ ಬಂತು. ಬಟ್ಟಲನ್ನು ವಸುಮತಿಯೇ ತಂದು ನೀಡಿದಳು. "ಅಕ್ಕಾ, ದಮ್ಮಯ್ಯ. ನೀವೇ ಬಿಡಿ."

ಕೋಮಳಂ ಬಟ್ಟಲು ಮುಟ್ಟಲಿಲ್ಲ. "ಶುಭಕಾರ್ಯ ನೋಡು ವಸು, ಯಾರಾದ್ರೂ ಏನಾದ್ರೂ ಅಂದಾರು. ಕೂತ್ಕೊ. ನೀನು ಬಿಡು, ನಾನು ಹೇಳ್ಕೊಡ್ತೀನಿ."

ರೇಷ್ಮೆ ಸೀರೆಯನ್ನು ಮೊಣಕಾಲಿಗೆ ಸಿಕ್ಕಿಸಿಕೊಂಡು ವಸುಮತಿ ನೆಲಕ್ಕೆ ಕೂತಳು. ಬಟ್ಟೆಯ ಚೂರು ಅದ್ದಿ ಉಂಗುರಬೆರಳಿನಿಂದ ಎಳೆ ಇಳಿಸಬೇಕು. ಹಿಟ್ಟು ಒಮ್ಮೆ ಸುರಿಯಿತು, ಒಮ್ಮೆ ನಿಂತಿತು. "ಜೋಡಿ, ಜೋಡಿ," ಎಂದು ಕೋಮಳಂ ನೆತ್ತಿಯ ಮೇಲೆ ನಿಂತು ಹೇಳಿದಳು, "ಪಕ್ಕಪಕ್ಕದಲ್ಲೇ ಬರ್ಬೇಕು. ಅಲ್ಲಿ ಸೊಟ್ಟ ಆಯ್ತು. ಇನ್ನೊಂದ್ಸಲ." ವಸುಮತಿಯ ಬೆವರು ಮೂಗಿನ ತುದಿಯಿಂದ ಹಿಟ್ಟಿಗೆ ಬಿತ್ತು. ಇಪ್ಪತ್ತು ನಿಮಿಷಕ್ಕೆ ಒಂದು ಚೌಕವಾಯಿತು, ಒಂದು ಮಗ್ಗುಲು ಕುಸಿದ ಗೋಡೆಯಂತಿತ್ತು. ಕೋಮಳಂ ಅಂಚಿಗೆ ಕೆಮ್ಮಣ್ಣು ಬಳಿಸಿದಳು.

"ಸೊಟ್ಟ ಇದ್ರೂ ಜೋಡಿ ಇದೆ, ಸಾಕು," ಎಂದು ಅಜ್ಜಿ ಅದನ್ನು ದಾಟಿ ಒಳಗೆ ಬಂದಳು. ನಾದಸ್ವರ ಮತ್ತೆ ಶುರುವಾಯಿತು. ಕೋಮಳಂ ಕುರ್ಚಿಯೊಂದನ್ನು ಎಳೆದು, ಹತ್ತಿ ನಿಂತು ಫೋಟೋ ತೆಗೆದಳು.

ಮಾರನೆಯ ಬೆಳಗ್ಗೆ ಬ್ಲಾಗಿನಲ್ಲಿ ಹೊಸ ರಂಗೋಲಿ ಬಂತು. ತಲೆಬರಹದಲ್ಲಿ ಎಂದಿನಂತೆ ಲೆಕ್ಕ: 'ಜೋಡಿ ಎಳೆ, ಒಂದೇ ಚೌಕ, ನಿಶ್ಚಿತಾರ್ಥಕ್ಕೆ.' ಪರರ ಕೈಕೆಲಸವನ್ನು ಹೆಸರಿಲ್ಲದೆ ಹಾಕುವ ಅಭ್ಯಾಸ ಕೋಮಳಂಗೆ ಇರಲಿಲ್ಲ. ಕೆಳಗೆ ದಪ್ಪಕ್ಷರದಲ್ಲಿ ಬರೆದಳು: 'ಬಿಟ್ಟವರು, ಮದರಾಸಿನ ಶ್ರೀಮತಿ ವಸುಮತಿ ಮುಕುಂದನ್. ಅವರದೇ ಕೈಚಳಕ.' ಅಂದು ಸಂಜೆಯೊಳಗೆ ಹದಿನಾಲ್ಕು ಸಾವಿರ ಜನ ನೋಡಿದರು.