‘ಸತ್ತ ಮೇಲೆ’ ಎಂದೇ ಬರೆಯುತ್ತಿದ್ದವರು

ಅವರ ಹೆಗಲ ಮೇಲಿನ ಚೌಕದ ತುಂಬ ಬೇರೆಯವರ ಹೆಬ್ಬೆಟ್ಟು. ಹಿರಿಯೂರಿನ ಕಚೇರಿ ಜಗಲಿಯಲ್ಲಿ ಅವರು ಬರೆದ ಆಸ್ತಿಪತ್ರಕ್ಕೆ ಗುರುತು ಒತ್ತಿದವರು ಮಸಿ ಒರೆಸಲು ಅತ್ತಿತ್ತ ನೋಡಿದರೆ, ಅವರು ಮಾತಿಲ್ಲದೆ ಹೆಗಲು ಬಾಗಿಸಿ ಕೊಡುತ್ತಿದ್ದರು. ಎಷ್ಟು ಒಗೆದರೂ ಹೋಗದ ಆ ಕಲೆಗಳ ಬಟ್ಟೆಯನ್ನೇ ಹೊದ್ದು ಸಂಜೆ ಮಠಕ್ಕೂ ಹೋಗುತ್ತಿದ್ದರು. ಊರೆಲ್ಲ ಅವರನ್ನು ಪತ್ರದಯ್ಯನವರು ಎನ್ನುತ್ತಿತ್ತು. ನಾನು ಮಾತ್ರ ಕಂಡ ಮೊದಲ ದಿನವೇ ಅಪಶಕುನದ ಬಾಯಿ ಎಂದೆ, ಅದೂ ಹತ್ತು ಜನರ ಎದುರಿಗೆ.

ನಾನು ಗಂಡ ತೀರಿಕೊಂಡ ಮೇಲೆ ಹರಿಯಬ್ಬೆಯಲ್ಲಿ ಅಣ್ಣನ ಮನೆ ಸೇರಿದವಳು. ಅಣ್ಣನಿಗೆ ಕಂಬಳಿ ವ್ಯಾಪಾರ. ಹೊಸದುರ್ಗ, ಹೊಳಲ್ಕೆರೆ ಸಂತೆಗಳ ಕಡೆ ಹೊರಟರೆ ವಾರಗಟ್ಟಲೆ ಮನೆಗೆ ಬರುತ್ತಿರಲಿಲ್ಲ. ಅತ್ತಿಗೆ ತೀರಿಹೋಗಿ ಬಹಳ ವರ್ಷವಾಗಿತ್ತು, ಅವನಿಗೆ ಮಕ್ಕಳಿರಲಿಲ್ಲ. ಉಣ್ಣೆ ಬಿಡಿಸುವುದು, ನೂಲುವುದು, ಕುರಿ ನೋಡಿಕೊಳ್ಳುವುದು ನನ್ನ ಪಾಲಿಗೆ. ಮನೆ, ಹಿತ್ತಲು ಎರಡೂ ಅಣ್ಣ ತಾನೇ ದುಡಿದು ಮಾಡಿದ್ದು. ದೊಡ್ಡಣ್ಣ ಎಂದೋ ಪಾಲಾಗಿ ಬೇರೆ ಹೋಗಿ ಸತ್ತಿದ್ದ. ಅವನ ಇಬ್ಬರು ಗಂಡುಮಕ್ಕಳು ನಮ್ಮ ಬಾಗಿಲ ಕಡೆಗೇ ಕಣ್ಣಿಟ್ಟು ಕೂತಿದ್ದರು. ಅಣ್ಣ ಏನೂ ಬರೆದಿಡದೆ ಹೋದರೆ ಎಲ್ಲವೂ ಅವರಿಗೆ. ಹೆಗಲಿಗೆ ಹೆಗಲು ಕೊಟ್ಟು ದುಡಿದ ತಂಗಿಗೆ ಆಗಿನ ಕಾನೂನಿನಲ್ಲಿ ಹೊಸ್ತಿಲಿನಷ್ಟೂ ಹಕ್ಕಿರಲಿಲ್ಲ. ಇದನ್ನು ಬರೆಯುವಾಗಲೂ ನನಗೆ ಹಲ್ಲು ಕಡಿಯುವಷ್ಟು ಸಿಟ್ಟು ಬರುತ್ತದೆ.

ಅಣ್ಣನಿಗೆ ಕೆಮ್ಮು ಹತ್ತಿ ಮೈ ಇಳಿದಾಗ ಅವನೇ ಗಾಡಿ ಕಟ್ಟಿಸಿದ. ಪತ್ರದಯ್ಯನವರ ಹತ್ತಿರ ಮರಣಶಾಸನ ಬರೆಸಿದರೆ ಬ್ರಹ್ಮ ಬಂದರೂ ಅಲ್ಲಾಡಿಸಲಾರ ಎಂದು ಅವನು ಸಂತೆಗಳಲ್ಲಿ ಕೇಳಿದ್ದ. ಅವರು ಕೂಡಲೇ ಬರೆಯಲು ಕೂರುವವರಲ್ಲ. ಮೊದಲು ಅಣ್ಣನನ್ನು ಎದುರಿಗೆ ಕೂರಿಸಿಕೊಂಡರು.

“ಏನಪ್ಪ, ಇವತ್ತು ಯಾವ ವಾರ?”

“ಸೋಮವಾರ.”

“ಕುರಿ ಎಷ್ಟು ಅವೆ? ಮನೆ ಬಾಗಿಲು ಯಾವ ದಿಕ್ಕಿಗೈತೆ?”

ಅಣ್ಣ ನಗುತ್ತ ಉತ್ತರ ಹೇಳಿದ. “ನಗಬೇಡ. ಬುದ್ಧಿ ನೆಟ್ಟಗಿದ್ದಾಗ ಬರೆಸಿದ್ದು ಅಂತ ನಾಳೆ ನಾನು ಹೇಳಬೇಕಾಗತೈತೆ” ಎಂದರು. ಆಮೇಲೆ ನನ್ನ ಕಡೆ ತಿರುಗಿ, “ಆಸ್ತಿ ಬರೋರು ಹತ್ರ ಇರಂಗಿಲ್ಲ. ಆಚೆ ಕುಂತ್ಕಳ್ರಿ” ಎಂದು ಬೇವಿನ ಮರದ ಬುಡ ತೋರಿಸಿದರು. ಕಳ್ಳಿಯನ್ನು ಅಟ್ಟಿದಂತೆ ಅಟ್ಟಿದರಲ್ಲ ಎಂದು ನನಗೆ ಅಲ್ಲೇ ಮೈ ಉರಿಯಿತು. ಪತ್ರ ಬರೆಸುವವನ ಮೇಲೆ ಯಾರ ಒತ್ತಾಯವೂ ಇರಲಿಲ್ಲ ಎಂದು ನಾಳೆ ಕೋರ್ಟಿನಲ್ಲಿ ನಿಲ್ಲಬೇಕು, ಅದಕ್ಕೇ ಹಾಗೆ ಕಳಿಸುತ್ತಾರೆ ಎಂದು ಯಾರಾದರೂ ಒಂದು ಮಾತು ಹೇಳಬಹುದಿತ್ತು.

ಬರೆದದ್ದನ್ನು ಇಡೀ ಜಗಲಿಗೆ ಕೇಳುವಂತೆ ಓದುವುದು ಅವರ ಪದ್ಧತಿ. ಮರದ ಬುಡದವರೆಗೂ ಕೇಳಿಸಿತು: “ನಾನು ಸತ್ತ ಮೇಲೆ ನನ್ನ ಸ್ವಂತ ದುಡಿಮೆಯ ಮನೆ, ಹಿತ್ತಲು, ಕುರಿ...”

ನಾನು ಎದ್ದು ಬಂದೆ. “ಅದೇನು ಬಾಯಿ ಅಯ್ನೋರೆ ನಿಮ್ದು? ಮನುಷ್ಯ ಎದುರಿಗೆ ಕುಂತಾನೆ. ಆ ಮಾತು ತೆಗೀರಿ.”

“ಆ ಮಾತಿಲ್ದಂಗೆ ಮರಣಶಾಸನ ಬರೆಯಾಕೆ ನನಗೆ ಬರಂಗಿಲ್ಲ.”

“ಅಪಶಕುನದ ಬಾಯಿ. ನಿಮ್ಮನೇಲೂ ಹಿಂಗೇ ಓದ್ತೀರೇನು?”

ಅವರು ಲೇಖನಿಯನ್ನು ಕಿವಿಗೆ ಸಿಕ್ಕಿಸಿಕೊಂಡು, ಬರೆದ ಕಾಗದವನ್ನು ಮಡಿಸಿ ಪಕ್ಕಕ್ಕಿಟ್ಟರು. ಅಣ್ಣ ನನ್ನ ಸೆರಗು ಜಗ್ಗಿ, “ಬರೀಲಿ ಬಿಡವ್ವ, ಬರೆದ್ರೆ ಸತ್ತೋಗ್ತೀನಾ?” ಎಂದ. ನಾನು ಬಿಡಲಿಲ್ಲ. ಅವನ ರಟ್ಟೆ ಹಿಡಿದು ಎಬ್ಬಿಸಿಕೊಂಡು ಹೋದೆ.

ಜಗಲಿಯ ಇನ್ನೊಂದು ತುದಿಯಲ್ಲಿ ಮತ್ತೊಬ್ಬ ಬರಹಗಾರನಿದ್ದ. ಬೆಣ್ಣೆಯಂಥ ಮಾತು. “ಸಾವು ಗೀವು ಯಾಕೆ ತಾಯಿ, ಚೆಂದಾಗಿ ಬರಿಯಾಣ” ಎಂದ. ಮರಣಶಾಸನ ಎಂಬ ಹೆಸರೂ ಬೇಡವೆಂದು ಮೇಲೆ ‘ಏರ್ಪಾಡಿನ ಕಾಗದ’ ಎಂದು ಹಾಕಿದ. “ನಾನು ಇಲ್ಲದ ಕಾಲಕ್ಕೆ ಮನೆ, ಹಿತ್ತಲು, ಕುರಿ ನನ್ನ ತಂಗಿಯ ಸುಪರ್ದಿನಲ್ಲಿ ಇರತಕ್ಕದ್ದು” ಎಂದು ಓದಿದ. ಕಿವಿಗೆ ತಂಪಾಯಿತು. ಅಕ್ಷರ ಬಾರದ ನನಗೆ ಅಷ್ಟೇ ಬೇಕಿತ್ತು. ಅಣ್ಣ ಹೆಬ್ಬೆಟ್ಟು ಒತ್ತಿದ, ಇಬ್ಬರು ಸಾಕ್ಷಿ ಹಾಕಿದರು, ಊರಿಗೆ ಬಂದೆವು. ವರ್ಷ ತುಂಬುವ ಮೊದಲೇ ಅಣ್ಣ ಹೋದ. ಆ ಮಾತು ಬರೆಯದಿದ್ದರೂ ಹೋದ.

ದೊಡ್ಡಣ್ಣನ ಮಕ್ಕಳು ಚಿತ್ರದುರ್ಗದ ಕೋರ್ಟಿಗೆ ಹೋದರು. ಅವರ ವಕೀಲ ಆ ಕಾಗದವನ್ನು ಎರಡು ಬೆರಳಿನಲ್ಲಿ ಎತ್ತಿ ಹಿಡಿದು ಹೇಳಿದ್ದಿಷ್ಟು: ಈತ ಕಂಬಳಿ ಹೊತ್ತು ಊರೂರು ತಿರುಗುತ್ತಿದ್ದವನು. ಇಲ್ಲದ ಕಾಲಕ್ಕೆ ಎಂದರೆ ಸಂತೆಗೆ ಹೋದ ಕಾಲಕ್ಕೆ. ಸುಪರ್ದು ಎಂದರೆ ಕಾವಲು, ಒಡೆತನವಲ್ಲ. ಈತ ಸತ್ತ ದಿನವೇ ಈಕೆಯ ಕಾವಲೂ ಮುಗಿಯಿತು.

ಅಂದು ನೆಟ್ಟಗೆ ಹಿರಿಯೂರಿಗೆ ಹೋಗಿ ಪತ್ರದಯ್ಯನವರ ಮುಂದೆ ನಿಂತೆ. “ಹಿಂಗಾಗತೈತೆ ಅಂತ ನಿಮಗೆ ಗೊತ್ತಿತ್ತು. ಗೊತ್ತಿದ್ದೂ ಯಾಕೆ ಬಾಯಿ ಬಿಡಲಿಲ್ಲ?” ಎಂದು ಕೂಗಾಡಿದೆ. ಪತ್ರ ಬರೆಸಲು ಬಂದವರೆಲ್ಲ ಎದ್ದು ನಿಂತರು. ಅವರು ತಲೆ ತಗ್ಗಿಸಿ ಎಲ್ಲ ಕೇಳಿದರು.

“ನೀನು ಬೈದೆ, ನನಗೆ ಸೊಕ್ಕು ಬಂತು. ಕಾರಣ ಹೇಳಬೇಕಾಗಿತ್ತು. ಹೇಳಲಿಲ್ಲ” ಎಂದರು. ಚೌಕ ಕೊಡವಿ ಹೆಗಲಿಗೆ ಹಾಕಿಕೊಂಡು, “ದುರ್ಗಕ್ಕೆ ನಾನೂ ಬರ್ತೀನಿ ನಡಿ. ನಿಮ್ಮಣ್ಣ ಏನು ಬರೆಸಾಕೆ ಬಂದಿದ್ದ ಅಂತ ಹೇಳ್ತೀನಿ” ಎಂದರು.

ಬಂದರು. ಆ ವಯಸ್ಸಿನಲ್ಲಿ ಗಾಡಿಯಲ್ಲಿ ಕುಲುಕಾಡಿಕೊಂಡು ಬಂದು ಕಟಕಟೆ ಹತ್ತಿದರು. ಈತ ತಾನು ಸತ್ತ ಮೇಲೆ ಎಲ್ಲವೂ ತಂಗಿಗೆ ಎಂದು ತನ್ನ ಬಾಯಿಂದಲೇ ಹೇಳಿದ್ದ ಎಂದರು. ಹಾಗಾದರೆ ನಿಮ್ಮ ಹತ್ತಿರ ಯಾಕೆ ಬರೆಸಲಿಲ್ಲ ಎಂದು ವಕೀಲ ಕೇಳಿದ. “ನನ್ನ ಸೊಕ್ಕು ಸ್ವಾಮಿ. ಸತ್ತ ಮೇಲೆ ಅನ್ನೋ ಮಾತು ಬೇಡ ಅಂದ್ರು, ತಿಳಿಸಿ ಹೇಳದೆ ಎದ್ದು ಹೋಗಾಕೆ ಬಿಟ್ಟೆ” ಎಂದರು. ಕೂತಿದ್ದವರು ನಕ್ಕರು. ಅವರು ನಗಲಿಲ್ಲ, ತಲೆಯನ್ನೂ ತಗ್ಗಿಸಲಿಲ್ಲ.

ಆಮೇಲೆ ನನ್ನ ಸರದಿ. ವಕೀಲ ಮೆಲ್ಲಗೆ ಕೇಳಿದ: “ಸತ್ತ ಮೇಲೆ ಎಂಬ ಮಾತು ಬೇಡ ಎಂದವರು ಯಾರಮ್ಮ?”

ಎದುರಿಗೆ ದೊಡ್ಡಣ್ಣನ ಮಕ್ಕಳು ಕೂತಿದ್ದರು. ಹರಿಯಬ್ಬೆಯ ಅರ್ಧ ಊರು ಕೂತಿತ್ತು. ನನ್ನ ಬಾಯಿಂದಲೇ ನನ್ನ ಮನೆ ಹಾಳಾಯಿತು ಎಂದು ಅವರ ಮುಂದೆ ಹೇಳಲು ನಾಲಿಗೆ ಏಳಲಿಲ್ಲ. “ನಮ್ಮಣ್ಣಂಗೆ ಸರಿ ಬೀಳಲಿಲ್ಲ” ಎಂದೆ.

“ಅಷ್ಟೇ ಸ್ವಾಮಿ” ಎಂದ ವಕೀಲ. “ಆತನಿಗೇ ಬೇಡವಾಗಿತ್ತು. ಮರಣಶಾಸನ ಬರೆಸುವ ಮನಸ್ಸೇ ಇರಲಿಲ್ಲ.”

ಹಿಂದಿನ ಬೆಂಚಿನಿಂದ ಪತ್ರದಯ್ಯನವರು ಎದ್ದು “ಸ್ವಾಮಿ” ಎಂದರು. ನಿಮ್ಮ ಸಾಕ್ಷಿ ಮುಗಿದಿದೆ, ಕೂತುಕೊಳ್ಳಿ ಎಂದರು ನ್ಯಾಯಾಧೀಶರು. ಅಯ್ಯನವರು ಒಂದು ಗಳಿಗೆ ನನ್ನ ಮುಖ ನೋಡಿದರು. ನಾನು ಬಾಯಿ ತೆರೆಯಲಿಲ್ಲ. ಅವರು ಕೂತರು. ಮನೆ ಹೋಯಿತು.

ಹಿರಿಯೂರಿನಲ್ಲಿ ಅವರ ಬೀದಿಯಲ್ಲೇ ಒಂದು ಕೋಣೆ ಹಿಡಿದು ಉಣ್ಣೆ ನೂಲುತ್ತ ಕೂತೆ. ಒಂದು ದಿನ ಅವರು ಸ್ಲೇಟು ಹಿಡಿದುಕೊಂಡು ಬಂದು, “ಇನ್ಮೇಲೆ ಯಾರ ಓದನ್ನೂ ನಂಬಬೇಡ. ನೀನೇ ಓದ್ಕೋ” ಎಂದು ಅಕ್ಷರಕ್ಕೆ ಕೂರಿಸಿದರು. ನನಗಾಗ ನಲವತ್ತು ದಾಟಿತ್ತು. ಕಲಿಸುವಾಗಲೂ ಅದೇ ಒರಟು ಬಾಯಿ. ಒತ್ತಕ್ಷರ ತಪ್ಪಿದರೆ, “ಈ ಪತ್ರ ಬಿದ್ದೋಯ್ತು” ಎನ್ನುತ್ತಿದ್ದರು. ಒಂದಷ್ಟು ತಿಂಗಳಾದ ಮೇಲೆ ಅಣ್ಣನ ಕಾಗದದ ನಕಲನ್ನು ನಾನೇ ಓದಿದೆ. ಓದಿ ಹರಿಯಲು ಹೋದೆ. ಕೈ ಹಿಡಿದು ತಡೆದರು.

ಆಮೇಲೆ ಅವರು ಯಾರನ್ನೂ ಸುಮ್ಮನೆ ಎಬ್ಬಿಸಿ ಕಳಿಸಲಿಲ್ಲ. ಆ ಮಾತಿಗೆ ಬೆಚ್ಚಿದವರಿಗೆಲ್ಲ ತಾಳ್ಮೆಯಿಂದ ಕಾರಣ ಹೇಳುತ್ತಿದ್ದರು: “ಹರಿಯಬ್ಬೆ ಕಡೇರು ಒಬ್ರು ಈ ಮಾತಿಲ್ದೆ ಮನೆ ಕಳ್ಕಂಡ್ರು. ತಪ್ಪು ನಂದು, ನಾನು ತಿಳಿಸಿ ಹೇಳಲಿಲ್ಲ.” ಎಷ್ಟೋ ಸಲ ನಾನು ಅಲ್ಲೇ ಪಕ್ಕದಲ್ಲಿರುತ್ತಿದ್ದೆ. ಪ್ರತಿ ಸಲವೂ ನನ್ನ ಕಿವಿ ಕಾಯುತ್ತಿತ್ತು, ಇವತ್ತಾದರೂ ಉಳಿದದ್ದನ್ನು ಹೇಳಿಬಿಡುತ್ತಾರೆಂದು. ಹೇಳಲಿಲ್ಲ. ಅದಕ್ಕೂ ನಾನು ಒಳಗೊಳಗೇ ಅವರ ಮೇಲೆ ಸಿಟ್ಟಾದೆ. ಬೈದು ಕೇಳಿದ್ದರೆ ಒಂದೇ ದಿನಕ್ಕೆ ಮುಗಿಯುತ್ತಿತ್ತು.

ಹೋದ ಮಾಘದಲ್ಲಿ ಮೂರು ದಿನ ಜ್ವರ ಬಂದು ತೀರಿಕೊಂಡರು. ಮಣ್ಣಿಗೆ ಹೋದವರೆಲ್ಲ ದಾರಿಯುದ್ದಕ್ಕೂ ಅವರ ಬಾಯಿ ಒರಟು, ಮನಸ್ಸು ಚಿನ್ನ ಎಂದು ಮಾತಾಡಿಕೊಂಡರು. ನಾನು ಹಿಂದೆ ನಡೆಯುತ್ತಿದ್ದೆ, ಅಲ್ಲೂ ಸುಮ್ಮನಿದ್ದೆ. ಆ ಮಾತು ಬೇಡವೆಂದವನು ನಮ್ಮಣ್ಣನಲ್ಲ. ಅವನು ಬರೀಲಿ ಬಿಡು ಎಂದಿದ್ದ. ಬೇಡವೆಂದವಳು ನಾನು. ಕಟಕಟೆಯಲ್ಲಿ ಸತ್ತವನ ಮೇಲೆ ಸುಳ್ಳು ಹೇಳಿದವಳೂ ನಾನೇ. ಇದನ್ನು ಅವರು ಕಲಿಸಿದ ಅಕ್ಷರದಲ್ಲಿ, ಯಾರ ಒತ್ತಾಯವೂ ಇಲ್ಲದೆ, ಬುದ್ಧಿ ನೆಟ್ಟಗಿರುವಾಗಲೇ ಬರೆದು ಕೆಳಗೆ ರುಜು ಹಾಕುತ್ತಿದ್ದೇನೆ.