ಮೇಲಿಂಗ್ ಆಂಟಿಯ ಎಡಗೈ

ತಂತಿಯ ಸದ್ದು ಪೂರ್ತಿ ಅಡಗಿದ ಮೇಲೂ ಮೇಲಿಂಗ್ ಆಂಟಿಯ ಎಡಗೈ ಹೆಬ್ಬೆರಳು ಅದರ ಮೇಲೆ ಜಾರುತ್ತಲೇ ಇರುತ್ತಿತ್ತು. ಅವರು ನುಡಿಸುತ್ತಿದ್ದುದು ಗುಚಿನ್ ಎಂಬ ಏಳು ತಂತಿಯ ಚೀನೀ ವಾದ್ಯ. ನಮ್ಮ ವೀಣೆಯ ಬುರುಡೆ, ಮೆಟ್ಟಿಲುಗಳನ್ನೆಲ್ಲ ಕಿತ್ತು ಮೇಜಿನ ಮೇಲೆ ಮಲಗಿಸಿದ ಹಾಗೆ ಕಾಣುತ್ತಿತ್ತು. ತೈವಾನಿನಲ್ಲಿ ಹುಡುಗಿಯಾಗಿದ್ದಾಗ ಝೆನ್ ಸನ್ಯಾಸಿನಿಯೊಬ್ಬರಿಂದ ಕಲಿತದ್ದಂತೆ. "ನಿನ್ನ ಕಿವಿಗೆ ಮುಗೀತು, ನನ್ನ ಬೆರಳಿಗೆ ಮುಗಿದಿಲ್ಲ ಕಣಪ್ಪ. ಎರಡೂ ಕೈ ಮಡಿಲಿಗೆ ಬಂದ್ರೆ ಮುಗೀತು ಅಂತ. ಅಲ್ಲೀವರೆಗೂ ಬಾಯಿ ಮುಚ್ಕೊಂಡಿರು" ಅನ್ನುತ್ತಿದ್ದರು.

ಹೌದು, ಕನ್ನಡದಲ್ಲೇ. ಮೈಸೂರಿನ ಡಾಕ್ಟರೊಬ್ಬರನ್ನು ಮದುವೆಯಾಗಿ, ಅಮೆರಿಕದ ಫೇರ್‌ಫ್ಯಾಕ್ಸ್‌ನ ಮನೆಯಲ್ಲಿ ಹನ್ನೆರಡು ವರ್ಷ ಅತ್ತೆಯ ಜೊತೆ ಅಡುಗೆ ಮಾಡುತ್ತಾ ಕಲಿತ ಕನ್ನಡ ಅದು. ನಮ್ಮ ಮಕ್ಕಳು ಇಂಗ್ಲಿಷಿನಲ್ಲಿ ಉತ್ತರ ಕೊಟ್ಟರೆ "ಏನು ಗತಿ ಬಂತೋ ಶಿವನೇ" ಎಂದು ಥೇಟ್ ಅತ್ತೆಯ ಹಾಗೆ ಹಣೆ ಚಚ್ಚಿಕೊಳ್ಳುತ್ತಿದ್ದರು.

ನಾನು ಹತ್ತಿರದ ಸ್ಟರ್ಲಿಂಗ್‌ ಊರಿನ ಡೇಟಾ ಸೆಂಟರಿನಲ್ಲಿ ಕೆಲಸಕ್ಕಿರುವವನು. ನಮ್ಮಲ್ಲಿ ಕಂಪ್ಯೂಟರುಗಳನ್ನು ತಣ್ಣಗಿಡುವ ಫ್ಯಾನುಗಳ ಸದ್ದು ನಿಂತರೆ ಎಲ್ಲರೂ ಎದ್ದು ಓಡುತ್ತೇವೆ. ಸಾಲದ್ದಕ್ಕೆ ಇಲ್ಲಿನ ಕನ್ನಡ ಕಾರ್ಯಕ್ರಮಗಳಿಗೆಲ್ಲ ನಾನೇ ನಿರೂಪಕ. ಮೈಕ್ ಕೈಗೆ ಸಿಕ್ಕರೆ ಬಿಡುವ ಪೈಕಿಯಲ್ಲ. ಕೊರೋನಾಕ್ಕೆ ಮುಂಚಿನ ಸಂಕ್ರಾಂತಿಯಲ್ಲಿ ಆಂಟಿ ನುಡಿಸುತ್ತಿದ್ದಾಗ ಸದ್ದು ಅಡಗಿತು. ನಾನು ವೇದಿಕೆಗೆ ನುಗ್ಗಿ "ಜೋರಾಗಿ ಚಪ್ಪಾಳೆ!" ಎಂದುಬಿಟ್ಟೆ. ಸಭೆಯೆಲ್ಲ ತಟ್ಟಿತು. ಮುಂದಿನ ಸಾಲಿನಲ್ಲಿದ್ದ ಡಾಕ್ಟರ್ ಅಂಕಲ್ ಮಾತ್ರ ತಟ್ಟದೆ, ಹೆಂಡತಿಯ ಬೆರಳನ್ನೇ ನೋಡುತ್ತಿದ್ದರು.

ಆ ಏಪ್ರಿಲ್‌ನಲ್ಲಿ ಅಂಕಲ್ ಆಸ್ಪತ್ರೆ ಸೇರಿದರು. ಮನೆಯವರನ್ನೂ ಒಳಗೆ ಬಿಡದಿದ್ದ ಕಾಲ. ಇನ್ನು ಉಳಿಯುವುದಿಲ್ಲ ಎಂದು ಗೊತ್ತಾದ ದಿನ, ವಿಡಿಯೋ ಕಾಲ್ ಮಾಡಿಸಲು ನರ್ಸ್ ಒಪ್ಪಿದಳು. "ಮಾತು ಬೇಡ, ನುಡಿಸ್ತೀನಿ. ಬಂದು ಸೆಟಪ್ ಮಾಡ್ಕೊಡು" ಎಂದು ಆಂಟಿ ನನ್ನನ್ನು ಕರೆದರು. ಮಾಸ್ಕ್ ಹಾಕಿಕೊಂಡು ಹೋಗಿ ವಾದ್ಯದ ಮುಂದೆ ಟ್ಯಾಬ್ಲೆಟ್ ನಿಲ್ಲಿಸಿ, ಅಭ್ಯಾಸದಂತೆ "ಹಲೋ, ಹಲೋ" ಎಂದೆ. ಚೆನ್ನಾಗಿ ಕೇಳಿಸುತ್ತಿದೆ ಎಂದಳು ನರ್ಸ್. ಆಮೇಲೆ ಹೊರಗೆ ಮರದ ಜಗಲಿಯ ಮೇಲೆ, ಗಾಜಿನ ಬಾಗಿಲಾಚೆ ನಿಂತೆ. ಅಲ್ಲಿಂದ ಆಂಟಿಯ ಬೆನ್ನಷ್ಟೇ ಕಾಣುತ್ತಿತ್ತು. ಮುಕ್ಕಾಲು ಗಂಟೆ ನುಡಿಸಿದರು. ಕಾಲ್ ಕಟ್ಟಾಗುವವರೆಗೂ ಕೈ ಮಡಿಲಿಗೆ ಬರಲಿಲ್ಲ. ಅಂಕಲ್ ಮರುದಿನ ಬೆಳಿಗ್ಗೆ ಹೋದರು.

ವಾರದ ನಂತರ ಆಫೀಸಿನ ವಿಡಿಯೋ ಮೀಟಿಂಗ್. ಸಹೋದ್ಯೋಗಿಯ ಹಿಂದೆ ಹುಲ್ಲು ಕತ್ತರಿಸುವ ಯಂತ್ರ ಓಡಾಡುತ್ತಿತ್ತು, ಸದ್ದೇ ಇಲ್ಲ. ಮನುಷ್ಯರ ದನಿಯೊಂದನ್ನು ಬಿಟ್ಟು ಮಿಕ್ಕಿದ್ದನ್ನೆಲ್ಲ ಗದ್ದಲವೆಂದು ಅಳಿಸಿಹಾಕುವ ಸೆಟ್ಟಿಂಗ್ ಅದು. ಅಂದು ಅಂಕಲ್‌ಗೆ ಕಾಲ್ ಮಾಡಲು ಬಳಸಿದ್ದೂ ಅದೇ ಆ್ಯಪ್. ಮನೆಗೆ ಬಂದು ಇನ್ನೊಂದು ಫೋನಿಗೆ ಅದರಲ್ಲೇ ಕಾಲ್ ಮಾಡಿ, ನನ್ನ ಮಗಳ ವೀಣೆ ಮೀಟಿ ಪರೀಕ್ಷಿಸಿದೆ. ಆ ಕಡೆಗೆ ಒಂದು ಸ್ವರವೂ ಮುಟ್ಟಲಿಲ್ಲ.

ಆಂಟಿಗೆ ಹೇಳಲಿಲ್ಲ. ಹೇಳುವ ಬದಲು ಮೂರು ವರ್ಷ, ಪ್ರತಿ ಶನಿವಾರ ಅವರ ಮನೆಗೆ ಹೋದೆ. ದಿನಸಿ ತಂದೆ, ಅಂಗಳದ ಎಲೆ ಗುಡಿಸಿದೆ, ಲ್ಯಾನ್‌ಹ್ಯಾಮ್ ದೇವಸ್ಥಾನಕ್ಕೆ ಕರೆದೊಯ್ದೆ. ಅವರು ನುಡಿಸುವಾಗ ಬಾಯಿ ಮುಚ್ಚಿ ಕೂರುವುದನ್ನೂ ಕಲಿತೆ. ನೋಡಿದವರೆಲ್ಲ ನನ್ನನ್ನು ಹೊಗಳುವವರೇ. ನಾಚಿಕೆಯಿಂದ ಸತ್ತುಹೋಗುವಂತಾಗುತ್ತಿತ್ತು.

ಕೊನೆಗೊಂದು ಶನಿವಾರ, ಅವರ ಕೈಗಳು ಮಡಿಲಿಗೆ ಬಂದ ಮೇಲೆ, ತಡೆಯಲಾರದೆ ಬಾಯಿಬಿಟ್ಟೆ. "ಆಂಟಿ, ಅವತ್ತು ಅಂಕಲ್‌ಗೆ ಏನೂ ಕೇಳಿಸ್ಲಿಲ್ಲ. ಒಂದು ಸೆಟ್ಟಿಂಗ್ ಆಫ್ ಮಾಡ್ಬೇಕಿತ್ತು, ನಾನು ಚೆಕ್ ಮಾಡ್ಲಿಲ್ಲ. ತಪ್ಪು ನಂದು."

"ಗೊತ್ತು" ಎಂದರು. "ಶುರು ಮಾಡಿದ ಕೂಡ್ಲೇ ನರ್ಸು ಕಿವಿ ತೋರಿಸಿ, ಇಲ್ಲ ಅಂತ ಕೈ ಆಡಿಸಿದ್ಲು."

"ಮತ್ತೆ ನನ್ನ ಯಾಕೆ ಕರೀಲಿಲ್ಲ? ಹೊರಗೇ ಇದ್ನಲ್ಲ!"

"ಅವ್ರು ನನ್ನ ಕೈನೇ ನೋಡ್ತಿದ್ರು. ಎದ್ದಿದ್ರೆ, ಮುಗೀತು ಅಂದ್ಕೊಂಡ್ಬಿಡೋರು."

"ಆಮೇಲಾದ್ರೂ ನಂಗೆ ಹೇಳ್ಬಹುದಿತ್ತು."

ಅವರು ವಾದ್ಯಕ್ಕೆ ಬಟ್ಟೆ ಹೊದಿಸುತ್ತಿದ್ದರು. "ಹೇಳಿದ್ರೆ ನೀನು ಬರೋದು ಬಿಟ್ಬಿಡ್ತಿದ್ದೆ ಕಣಪ್ಪ. ಈ ಮನೇಲಿ ನನ್ಜೊತೆ ಕನ್ನಡ ಮಾತಾಡೋರು ಇನ್ಯಾರಿದ್ರು?"

ಛೆ, ಹಾಗೆಲ್ಲ ಏನಿಲ್ಲ ಎಂದೆ. ಮುಂದಿನ ಶನಿವಾರ ಕೆಲಸವಿದೆ ಎಂದು ಮೆಸೇಜ್ ಹಾಕಿದೆ. ಅದರ ಮುಂದಿನ ಶನಿವಾರ ಮೆಸೇಜನ್ನೂ ಹಾಕಲಿಲ್ಲ. ಅಷ್ಟು ವರ್ಷ ಎಲ್ಲ ಗೊತ್ತಿದ್ದೂ ನನಗೆ ಕಾಫಿ ಕೊಟ್ಟವರ ಮುಖ ನೋಡುವ ಧೈರ್ಯ ನನಗಿರಲಿಲ್ಲ.

ಚಳಿಗಾಲದಲ್ಲಿ ಆಂಟಿಯ ಮಗಳು ಬಂದು ಅವರನ್ನು ಅಟ್ಲಾಂಟಾದ ತನ್ನ ಮನೆಗೆ ಕರೆದುಕೊಂಡು ಹೋದಳು. ಒಂದು ವರ್ಷದೊಳಗೆ ಅಲ್ಲೇ ತೀರಿಕೊಂಡರು. ಸುದ್ದಿ ತಿಳಿಸಲು ಫೋನ್ ಮಾಡಿದ ಮಗಳು ತನಗೆ ಬಂದಷ್ಟು ಕನ್ನಡದಲ್ಲಿ ಹೇಳಿದಳು: "ಅಂಕಲ್, ಎವ್ರಿ ಸ್ಯಾಟರ್ಡೇ ಅಮ್ಮ ಎರಡು ಕಪ್ ಕಾಫಿ ಮಾಡೋಳು."